ಕೊನೆಯ ಸಾಲಿನ ಕಿವಿ

(ನಮ್ಮ ಕನ್ನಡ ಕೂಟದ ಅತಿಥಿ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಬರಹರೂಪ)



ವೇದಿಕೆ ಹತ್ತಿದ ಪ್ರತಿಯೊಬ್ಬ ಭಾಷಣಕಾರನೂ ಮೊದಲು ಕೇಳುವ ಪ್ರಶ್ನೆಯೊಂದಿದೆ: "ಹಿಂದೆ ಕುಳಿತವರಿಗೆ ಕೇಳಿಸುತ್ತಿದೆಯೇ?" ಈಗ ತಾನೇ ನಾನೂ ಅದನ್ನೇ ಕೇಳಿದೆ. ಮುಂದಿನ ಸಾಲಿನವರು ತಲೆಯಾಡಿಸಿದರು. ಪ್ರಶ್ನೆ ಕೇಳಿಸಿದವರು ಹೌದೆನ್ನುತ್ತಾರೆ. ಕೇಳಿಸದವರಿಗೆ ಪ್ರಶ್ನೆಯೇ ಕೇಳಿಸಿರುವುದಿಲ್ಲ. ಅರೆಬರೆ ಕೇಳಿಸಿದವರು ಸಂಕೋಚದಿಂದ ಸುಮ್ಮನಿರುತ್ತಾರೆ. ಹೀಗಾಗಿ ಭಾಷಣಕಾರನು ಎಲ್ಲವೂ ಸರಿಯಿದೆ ಎಂಬ ಸಮಾಧಾನದಿಂದ ಮುಂದುವರಿಯುತ್ತಾನೆ.

ವೃತ್ತಿಯಿಂದ ನಾನು ವೈದ್ಯ. ವಿಜ್ಞಾನದ ಇತಿಹಾಸ ನನ್ನ ಹವ್ಯಾಸ. ನಮ್ಮಲ್ಲಿ ಬಹುಪಾಲು ಜನ ಕೆಲಸದ ಸ್ಥಳದಲ್ಲಿ ಹತ್ತಾರು, ನೂರಾರು ಜನರೆದುರು ನಿಂತು ಮಾತನಾಡಬೇಕಾದವರು: ಅಧ್ಯಾಪಕರು, ಇಂಜಿನಿಯರುಗಳು, ವೈದ್ಯರು, ಕಂಪನಿಗಳ ಅಧಿಕಾರಿಗಳು. ಅಂತಹ ಸಭೆಗಳಲ್ಲಿ ನಮ್ಮ ಮಾತು ಸ್ಪಷ್ಟವಾಗಿ ಕೇಳಿಸುವುದೆಂದರೇನು ಎಂಬುದನ್ನು ಮನುಷ್ಯ ಹೇಗೆ ಕಲಿತ ಎಂಬ ಕಥೆಯನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ.

ಮೈಸೂರಿನಲ್ಲಿ ನಾನು ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಅಂಗರಚನಾಶಾಸ್ತ್ರ ಬೋಧಿಸುತ್ತಿದ್ದ ಪ್ರಾಧ್ಯಾಪಕರೊಬ್ಬರಿದ್ದರು. ಕೃಶ ಶರೀರ, ಮೆಲುದನಿ. ಗ್ಯಾಲರಿಯಲ್ಲಿ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಮೈಕು ಇರಲಿಲ್ಲ. ಆದರೂ ಅವರ ಒಂದೊಂದು ಮಾತೂ ಕೊನೆಯ ಬೆಂಚಿಗೆ ತಲುಪುತ್ತಿತ್ತು. ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ತರಗತಿ ಮುಗಿದ ಮೇಲೆ ಕೊನೆಯ ಬೆಂಚಿನ ಯಾರಾದರೊಬ್ಬರ ನೋಟ್‌ಬುಕ್ ತರಿಸಿಕೊಂಡು ಎರಡು ನಿಮಿಷ ಓದಿ, ಏನನ್ನೂ ಹೇಳದೆ ಹಿಂತಿರುಗಿಸುತ್ತಿದ್ದರು. ಸೋಮಾರಿಗಳನ್ನು ಹಿಡಿಯುವ ಉಪಾಯವೆಂದು ನಾವು ಭಾವಿಸಿದ್ದೆವು. ನಮ್ಮ ಊಹೆ ತಪ್ಪೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಈ ದೇಶದಲ್ಲಿ. ಆ ಸಂಗತಿಗೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ವಿಜಾಪುರಕ್ಕೆ ಹೋಗೋಣ. ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಲಗುಂಬಜ್ 1656ರಲ್ಲಿ ಪೂರ್ಣಗೊಂಡಿತು. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ತುದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಅದು ಕೇಳಿಸುತ್ತದೆ. ಶಾಲಾ ಪ್ರವಾಸದಲ್ಲಿ ಅಲ್ಲಿ ಹೆಸರು ಕೂಗಿ ಪ್ರತಿಧ್ವನಿಗಳನ್ನು ಎಣಿಸದವರು ನಮ್ಮಲ್ಲಿ ಕಡಿಮೆ. ಲಂಡನ್ನಿನ ಸೇಂಟ್ ಪಾಲ್ ಪ್ರಾರ್ಥನಾಮಂದಿರದ ಇಂತಹುದೇ ಮೊಗಸಾಲೆಯನ್ನು ಸಿ.ವಿ. ರಾಮನ್ ಅವರು 1921ರ ತಮ್ಮ ಇಂಗ್ಲೆಂಡ್ ಪ್ರವಾಸದಲ್ಲಿ ಪರೀಕ್ಷಿಸಿ ಪ್ರಬಂಧ ಪ್ರಕಟಿಸಿದರು. ಧ್ವನಿಯು ಬಾಗಿದ ಗೋಡೆಯನ್ನು ತಬ್ಬಿಕೊಂಡೇ ಸಾಗುತ್ತದೆಂಬುದನ್ನು ಅವರಿಗಿಂತ ಮೊದಲೇ ಲಾರ್ಡ್ ರೇಲಿ ವಿವರಿಸಿದ್ದನು.

ಇಷ್ಟೆಲ್ಲ ಅದ್ಭುತವಾದ ಗೋಲಗುಂಬಜಿನ ನಡುವೆ ನಿಂತು ಯಾರಾದರೂ ಒಂದು ಗಂಟೆ ಉಪನ್ಯಾಸ ಮಾಡಿದರೆ ಏನಾಗುತ್ತದೆ? ಧ್ವನಿ ಎಲ್ಲರಿಗೂ ಕೇಳಿಸುತ್ತದೆ, ಮಾತು ಯಾರಿಗೂ ತಿಳಿಯುವುದಿಲ್ಲ. ಹಿಂದಿನ ಪದದ ಪ್ರತಿಧ್ವನಿ ಮುಂದಿನ ಪದದ ಮೇಲೆ ಬಿದ್ದು ಎಲ್ಲವೂ ಕಲಸಿದ ಗದ್ದಲವಾಗುತ್ತದೆ. ಕೇಳಿಸುವುದು ಬೇರೆ, ತಿಳಿಯುವುದು ಬೇರೆ. ನನ್ನ ಇಂದಿನ ಭಾಷಣವೆಲ್ಲ ಈ ಒಂದು ವ್ಯತ್ಯಾಸದ ಸುತ್ತಲಿನದು.

ಒಬ್ಬ ಮನುಷ್ಯನ ಧ್ವನಿ ಎಷ್ಟು ಜನಕ್ಕೆ ತಲುಪೀತು ಎಂಬುದನ್ನು ಅಳೆಯಹೊರಟ ಒಬ್ಬ ಕುತೂಹಲಿ ಈ ದೇಶದಲ್ಲಿಯೇ ಇದ್ದನು. 1739ರಲ್ಲಿ ಜಾರ್ಜ್ ವಿಟ್‌ಫೀಲ್ಡ್ ಎಂಬ ಇಂಗ್ಲಿಷ್ ಧರ್ಮಬೋಧಕನು ಫಿಲಡೆಲ್ಫಿಯಾಕ್ಕೆ ಬಂದನು. ಅವನು ಬಯಲಿನಲ್ಲಿ ಸಾವಿರಾರು ಜನರನ್ನುದ್ದೇಶಿಸಿ ಮಾತನಾಡುತ್ತಾನೆಂಬ ಪತ್ರಿಕಾ ವರದಿಗಳ ಬಗ್ಗೆ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್ನನಿಗೆ ಸಂಶಯವಿತ್ತು. ಒಂದು ಸಂಜೆ ವಿಟ್‌ಫೀಲ್ಡ್ ನ್ಯಾಯಾಲಯದ ಮೆಟ್ಟಿಲ ಮೇಲಿನಿಂದ ಮಾತನಾಡುತ್ತಿದ್ದಾಗ ಫ್ರಾಂಕ್ಲಿನ್ ಜನಸಂದಣಿಯ ಹಿಂಬದಿಯಿಂದ ನದಿಯ ಕಡೆಗೆ ಹಿಂದಹಿಂದಕ್ಕೆ ನಡೆಯುತ್ತ ಹೋದನು. ಬೀದಿಯ ಗದ್ದಲದಲ್ಲಿ ಮಾತು ಅಸ್ಪಷ್ಟವಾದ ಜಾಗದಲ್ಲಿ ನಿಂತು, ಅಷ್ಟು ದೂರವನ್ನು ತ್ರಿಜ್ಯವಾಗಿಟ್ಟುಕೊಂಡು ಅರ್ಧವೃತ್ತವೊಂದನ್ನು ಕಲ್ಪಿಸಿದನು. ಒಬ್ಬೊಬ್ಬ ಶ್ರೋತೃವಿಗೆ ಎರಡು ಚದರ ಅಡಿ ಜಾಗವೆಂದು ಎಣಿಸಿ, ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಈತನ ಮಾತು ಕೇಳಿಸೀತೆಂದು ಲೆಕ್ಕ ಹಾಕಿದನು. ತನ್ನ ಆತ್ಮಕಥೆಯಲ್ಲಿ ಅವನೇ ಇದನ್ನು ಬರೆದಿದ್ದಾನೆ.

ನನಗೆ ಆ ಸಂಖ್ಯೆಗಿಂತಲೂ ಫ್ರಾಂಕ್ಲಿನ್ನನ ಹೆಜ್ಜೆಗಳು ಮುಖ್ಯವಾಗಿ ತೋರುತ್ತವೆ. ಉಳಿದವರೆಲ್ಲ ಭಾಷಣಕಾರನ ಹತ್ತಿರಕ್ಕೆ ನುಗ್ಗುತ್ತಿದ್ದಾಗ ಅವನೊಬ್ಬನು ದೂರ ನಡೆದನು. ಧ್ವನಿಯನ್ನು ಅದು ಹೊರಡುವ ಕಡೆಯಲ್ಲಿ ಅಳೆಯದೆ, ಅದು ಮುಗಿಯುವ ಕಡೆಯಲ್ಲಿ ಅಳೆದನು.

ಫ್ರಾಂಕ್ಲಿನ್ನನ ಲೆಕ್ಕ ಬಯಲಿನದು. ಬಯಲಿನಲ್ಲಿ ಧ್ವನಿ ಹೊರಟುಹೋಗುತ್ತದೆ. ಕೋಣೆಯಲ್ಲಿ ಅದು ಗೋಡೆಗಳ ನಡುವೆ ಓಡಾಡಿಕೊಂಡಿರುತ್ತದೆ. ಕೋಣೆಯ ಒಗಟನ್ನು ಬಿಡಿಸಿದ ಕಥೆ ನಮಗೆ ತೀರ ಹತ್ತಿರದ್ದು. ಇಲ್ಲಿ ಬಾಸ್ಟನ್ನಿನಿಂದ ಚಾರ್ಲ್ಸ್ ನದಿಯನ್ನು ದಾಟಿದರೆ ಸಿಗುವ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1895ರಲ್ಲಿ ಫಾಗ್ ಕಲಾ ಸಂಗ್ರಹಾಲಯ ಆರಂಭವಾಯಿತು. ಅದರ ಉಪನ್ಯಾಸ ಕೋಣೆ ನೋಡಲು ಭವ್ಯ. ಆದರೆ ಅಲ್ಲಿ ಪಾಠ ಮಾಡಿದರೆ ಒಂದು ಪದವೂ ತಿಳಿಯುತ್ತಿರಲಿಲ್ಲ. ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಅವರು ಇದಕ್ಕೊಂದು ಪರಿಹಾರ ಹುಡುಕುವಂತೆ ಭೌತಶಾಸ್ತ್ರ ವಿಭಾಗದ ಇಪ್ಪತ್ತೇಳು ವರ್ಷದ ಅಧ್ಯಾಪಕ ವ್ಯಾಲೇಸ್ ಕ್ಲೆಮೆಂಟ್ ಸೇಬಿನ್ ಅವರಿಗೆ ಹೇಳಿದರು.

ಸೇಬಿನ್ ಅವರ ಉಪಕರಣಗಳು ಮೂರೇ: ಸೆಕೆಂಡಿಗೆ 512 ಕಂಪನಗಳ ಸ್ವರ ಹೊಮ್ಮಿಸುವ ಆರ್ಗನ್ ಕೊಳವೆ, ಕಾಲವನ್ನು ದಾಖಲಿಸುವ ಯಂತ್ರ, ಮತ್ತು ಅವರ ಸ್ವಂತ ಕಿವಿ. ಹಗಲಿನಲ್ಲಿ ಬೀದಿಯ ಸದ್ದು ಅಡ್ಡ ಬರುತ್ತಿದ್ದುದರಿಂದ ರಾತ್ರಿ ಕೆಲಸ. ಕೊಳವೆಯನ್ನು ನುಡಿಸಿ ನಿಲ್ಲಿಸಿದ ಮೇಲೆ ಧ್ವನಿ ಪೂರ್ತಿ ಅಡಗಲು ಎಷ್ಟು ಕಾಲ ಹಿಡಿಯುತ್ತದೆಂದು ಕಿವಿಗೊಟ್ಟು ಅಳೆಯುತ್ತಿದ್ದರು. ಖಾಲಿ ಕೋಣೆಯಲ್ಲಿ ಅದು ಸುಮಾರು 5.6 ಸೆಕೆಂಡ್ ಉಳಿಯುತ್ತಿತ್ತು. ಅಷ್ಟು ಹೊತ್ತಿನಲ್ಲಿ ಅಧ್ಯಾಪಕನು ಹತ್ತು ಹದಿನೈದು ಅಕ್ಷರಗಳನ್ನು ಉಚ್ಚರಿಸಿರುತ್ತಾನೆ. ಅವೆಲ್ಲವೂ ಕೋಣೆಯಲ್ಲಿ ಒಟ್ಟಿಗೇ ತೇಲುತ್ತಿರುತ್ತವೆ! ಈ ಅನುರಣನವೇ ರೋಗವೆಂದು ಸೇಬಿನ್ ನಿರ್ಧರಿಸಿದರು.

ಚಿಕಿತ್ಸೆಗಾಗಿ ಅವರು ಪಕ್ಕದ ಸ್ಯಾಂಡರ್ಸ್ ರಂಗಮಂದಿರದಿಂದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಸಾಲುಸಾಲಾಗಿ ಹಾಸಿ, ಅಳೆದು, ಬೆಳಗಾಗುವುದರೊಳಗೆ ಹಿಂತಿರುಗಿಸುತ್ತಿದ್ದರು. ಮೆತ್ತೆಗಳು ಹೆಚ್ಚಿದಷ್ಟೂ ಧ್ವನಿ ಬೇಗ ಅಡಗುತ್ತಿತ್ತು. ಎಲ್ಲ ಮೆತ್ತೆಗಳನ್ನೂ ತುಂಬಿದಾಗ ಅನುರಣನ ಒಂದು ಸೆಕೆಂಡಿಗಿಂತ ತುಸು ಹೆಚ್ಚಿನ ಮಟ್ಟಕ್ಕೆ ಇಳಿಯಿತು. ಸಾಕಷ್ಟು ಕೆಲಸ ಮುಗಿದ ಮೇಲೆ ಇನ್ನೊಂದು ಸಂಗತಿ ಬೆಳಕಿಗೆ ಬಂತು: ತಾವು ತೊಟ್ಟ ಬಟ್ಟೆಯೂ ಧ್ವನಿಯನ್ನು ಹೀರುತ್ತಿದೆ, ಬಟ್ಟೆ ಬದಲಾದಾಗ ಅಳತೆಯೂ ಬದಲಾಗಿದೆ! ಸಾವಿರಾರು ಅಳತೆಗಳನ್ನು ಎಸೆದು, ಪ್ರತಿ ರಾತ್ರಿ ಒಂದೇ ಉಡುಪು ಧರಿಸಿ, ಮೊದಲಿನಿಂದ ಆರಂಭಿಸಿದರು. ಪ್ರಾಮಾಣಿಕ ಸಂಶೋಧನೆಯೆಂದರೆ ಏನೆಂದು ನನ್ನ ಕೈಕೆಳಗಿನ ಕಿರಿಯ ವೈದ್ಯರಿಗೆ ತಿಳಿಸಬೇಕಾದಾಗಲೆಲ್ಲ ನಾನು ಈ ಕಥೆಯನ್ನೇ ಹೇಳುತ್ತೇನೆ.

1898ರಲ್ಲಿ ಅವರಿಗೆ ಸೂತ್ರ ದೊರಕಿತು: ಅನುರಣನದ ಅವಧಿಯು ಕೋಣೆಯ ಗಾತ್ರ ಹೆಚ್ಚಿದಂತೆ ಹೆಚ್ಚುತ್ತದೆ, ಧ್ವನಿಯನ್ನು ಹೀರುವ ವಸ್ತುಗಳು ಹೆಚ್ಚಿದಂತೆ ತಗ್ಗುತ್ತದೆ. ಈ ಸೂತ್ರದ ಬಲದಿಂದ ರೂಪಿಸಿದ ಬಾಸ್ಟನ್ನಿನ ಸಿಂಫನಿ ಹಾಲ್ 1900ರ ಅಕ್ಟೋಬರಿನಲ್ಲಿ ತೆರೆಯಿತು. ಜಗತ್ತಿನ ಶ್ರೇಷ್ಠ ಸಂಗೀತಮಂದಿರಗಳಲ್ಲಿ ಅದು ಇಂದಿಗೂ ಒಂದು. ಸೇಬಿನ್ 1919ರಲ್ಲಿ, ಕೇವಲ ಐವತ್ತು ವರ್ಷ ವಯಸ್ಸಿನಲ್ಲಿ ತೀರಿಕೊಂಡರು. ಆ ಹಳೆಯ ಫಾಗ್ ಕಟ್ಟಡವನ್ನು 1973ರಲ್ಲಿ ಕೆಡವಲಾಯಿತು. ಅವರ ಸೂತ್ರವಂತೂ ಇಂದಿಗೂ ಪ್ರತಿಯೊಬ್ಬ ವಾಸ್ತುಶಿಲ್ಪಿಯ ಕೈಯಲ್ಲಿದೆ. ಸೇಬಿನ್ ಅಳೆದ ವಸ್ತುಗಳಲ್ಲಿ ಮನುಷ್ಯರೂ ಇದ್ದರು: ಸಭಿಕರ ದೇಹ, ಬಟ್ಟೆಬರೆಗಳೂ ಧ್ವನಿಯನ್ನು ಹೀರುತ್ತವೆ. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಮೈಕನ್ನು ಪರೀಕ್ಷಿಸಿ ಸಂಜೆ ತುಂಬಿದ ಸಭೆಯಲ್ಲಿ ಬೇರೆಯೇ ಧ್ವನಿ ಬಂತೆಂದು ಗಾಬರಿಯಾಗುವ ನಮ್ಮ ಸಾಂಸ್ಕೃತಿಕ ಕಾರ್ಯದರ್ಶಿಗಳು ಇದನ್ನು ಗಮನಿಸಬೇಕು.

ಕೋಣೆಯನ್ನು ಸರಿಪಡಿಸುವ ವಿದ್ಯೆ ಹೀಗೆ ಬಂತು. ಗಂಟಲಿಗೆ ನೆರವು ಬಂದದ್ದು ಅದಾದ ಮೇಲೆ. ಅದಕ್ಕೆ ಮೊದಲು ನಮ್ಮ ಪೂರ್ವಿಕರು ಕಂಠವನ್ನೇ ನೆಚ್ಚಿ ಬದುಕಿದರು. ನಮ್ಮೂರಿನ ತಳವಾರನು ಡಂಗುರ ಸಾರುವ ಕ್ರಮವನ್ನು ನೆನಪಿಸಿಕೊಳ್ಳಿ. ಮೊದಲು ತಮಟೆಯ ಪೆಟ್ಟು. ಜನ ಮನೆಯಿಂದ ಹೊರಗೆ ಬರುವವರೆಗೆ ಬಿಡುವು. ಅನಂತರ ಎಳೆದೆಳೆದು ಒಂದೇ ಸುದ್ದಿ. ಮುಂದಿನ ಬೀದಿಯ ಮೂಲೆಯಲ್ಲಿ ಮತ್ತೆ ಅದೇ. ಕರಾವಳಿಯ ಯಕ್ಷಗಾನದಲ್ಲಿ ಭಾಗವತರು ಚೆಂಡೆಯ ಸದ್ದನ್ನು ಮೀರಲು ಏರುಶ್ರುತಿಯನ್ನು ಆಶ್ರಯಿಸಿದರು. ಕಂಪನಿ ನಾಟಕದ ನಟರು ತಗಡಿನ ಚಪ್ಪರದ ಕೆಳಗೆ ಕೊನೆಯ ನೆಲದ ಸಾಲಿನವರೆಗೂ ಕೇಳಿಸಬೇಕಿತ್ತು. ಇವರೆಲ್ಲರದೂ ಅನುಭವದಿಂದ ಬಂದ ಶಾಸ್ತ್ರ. ಮನುಷ್ಯನ ಕಿವಿಯ ನಾಳದ ರಚನೆಯಿಂದಾಗಿ ಸೆಕೆಂಡಿಗೆ ಸುಮಾರು ಎರಡರಿಂದ ನಾಲ್ಕು ಸಾವಿರ ಕಂಪನಗಳ ಧ್ವನಿ ನಮಗೆ ಅತ್ಯಂತ ಸುಲಭವಾಗಿ ಕೇಳಿಸುತ್ತದೆ. ತರಬೇತಾದ ಕಂಠವು ಆ ಭಾಗಕ್ಕೆ ಕಸುವು ತುಂಬುತ್ತದೆ.

ಕಂಠವನ್ನೇ ನೆಚ್ಚಿದ ವೃತ್ತಿಗೆ ಬೆಲೆಯೂ ಇತ್ತು. ಪಾದ್ರಿಗಳ ಗಂಟಲುನೋವು ಎಂಬ ಹೆಸರಿನ ಕಾಯಿಲೆಯೊಂದು ಹತ್ತೊಂಬತ್ತನೆಯ ಶತಮಾನದ ವೈದ್ಯಗ್ರಂಥಗಳಲ್ಲಿ ಕಾಣಸಿಗುತ್ತದೆ. ಇಂದು ಅದೇ ತೊಂದರೆಯನ್ನು ನಾವು ಹೆಚ್ಚಾಗಿ ಶಾಲಾ ಅಧ್ಯಾಪಕರಲ್ಲಿ ನೋಡುತ್ತೇವೆ. ಗದ್ದಲ ಹೆಚ್ಚಿದಂತೆ ನಮಗರಿವಿಲ್ಲದೆಯೇ ನಾವು ದನಿಯೇರಿಸುತ್ತೇವೆಂಬುದನ್ನು ಫ್ರಾನ್ಸಿನ ಕಿವಿ ಗಂಟಲು ತಜ್ಞ ಎತಿಯೆನ್ ಲೊಂಬಾರ್ 1911ರಲ್ಲಿ ತೋರಿಸಿದನು. ವೈದ್ಯನಾಗಿ ಒಂದು ಮಾತು: ಧ್ವನಿ ಒಡೆದು ನಾಲ್ಕು ವಾರಗಳಾದರೂ ಸರಿಹೋಗದಿದ್ದರೆ ಶುಂಠಿ ಕಷಾಯವನ್ನೇ ನಂಬಿ ಕೂರದೆ ಗಂಟಲನ್ನು ಪರೀಕ್ಷಿಸಿಕೊಳ್ಳಿ.

1915ರಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಎಂಬ ಊರಿನಲ್ಲಿ ಡೆನ್ಮಾರ್ಕಿನಿಂದ ಬಂದಿದ್ದ ಪೀಟರ್ ಜೆನ್ಸೆನ್ ಮತ್ತು ಅವನ ಜೊತೆಗಾರ ಎಡ್ವಿನ್ ಪ್ರಿಡಮ್ ಇಬ್ಬರೂ ಸೇರಿ, ಅಯಸ್ಕಾಂತದ ನಡುವೆ ಅಲುಗಾಡುವ ತಂತಿಸುರುಳಿಗೆ ದೊಡ್ಡ ಕೊಂಬೊಂದನ್ನು ಜೋಡಿಸಿ ಧ್ವನಿವರ್ಧಕ ತಯಾರಿಸಿದರು. ಅದಕ್ಕೆ ಮ್ಯಾಗ್ನವಾಕ್ಸ್ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಮಹಾಧ್ವನಿ ಎಂದರ್ಥ. ಆ ವರ್ಷದ ಕ್ರಿಸ್ಮಸ್ ಹಿಂದಿನ ದಿನ ಸಾನ್ ಫ್ರಾನ್ಸಿಸ್ಕೊ ನಗರಭವನದ ಮುಂದೆ ನೆರೆದ ಭಾರಿ ಜನಸ್ತೋಮ ಅದನ್ನು ಕೇಳಿತು.

ನಾಲ್ಕು ವರ್ಷಗಳ ನಂತರದ ಒಂದು ಘಟನೆ ವೈದ್ಯನಾದ ನನ್ನನ್ನು ಬಹಳ ಕಾಡುತ್ತದೆ. 1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅವರು ರಾಷ್ಟ್ರಸಂಘದ ಪರವಾಗಿ ಜನರನ್ನು ಒಲಿಸಲು ರೈಲಿನಲ್ಲಿ ಸುಮಾರು 8,000 ಮೈಲಿಗಳ ಪ್ರವಾಸ ಕೈಗೊಂಡರು. ಮೂರು ವಾರ, ಊರಿಂದೂರಿಗೆ ಭಾಷಣ. ಬಹುತೇಕ ಕಡೆ ಬರಿಗಂಟಲೇ ಆಧಾರ. ಸೆಪ್ಟೆಂಬರ್ 19ರಂದು ಸಾನ್ ಡಿಯಾಗೋ ಕ್ರೀಡಾಂಗಣದಲ್ಲಿ ಗಾಜಿನ ಮರೆಯೊಳಗೆ ನಿಂತು ಮ್ಯಾಗ್ನವಾಕ್ಸ್ ಧ್ವನಿವರ್ಧಕದ ಮೂಲಕ ಸುಮಾರು ಐವತ್ತು ಸಾವಿರ ಜನರೊಡನೆ ಮಾತನಾಡಿದರು. ಆರು ದಿನಗಳ ನಂತರ, ಕೊಲೊರಾಡೊದ ಪ್ಯೂಬ್ಲೊದಲ್ಲಿ ಭಾಷಣ ಮಾಡಿದ ರಾತ್ರಿ ಅವರ ಆರೋಗ್ಯ ಕುಸಿದು ಪ್ರವಾಸ ನಿಂತಿತು. ಅಕ್ಟೋಬರ್ 2ರಂದು ತೀವ್ರ ಪಾರ್ಶ್ವವಾಯು ಬಡಿಯಿತು. ಅವರಿಗೆ ಮೊದಲೇ ರಕ್ತದೊತ್ತಡವಿತ್ತು. ಭಾಷಣಗಳೇ ಕಾರಣವೆಂದು ನಾನು ಹೇಳಲಾರೆ. ಆದರೆ ಸಾವಿರಾರು ಜನಕ್ಕೆ ಕೇಳಿಸುವ ಹೊರೆಯನ್ನು ಒಂದು ದೇಹ ಹೊರುತ್ತಿದ್ದ ಕಾಲದ ಕೊನೆಯ ದಿನಗಳು ಅವು. ಎರಡೇ ವರ್ಷಗಳಲ್ಲಿ, 1921ರ ನವೆಂಬರ್ 11ರಂದು, ಅಧ್ಯಕ್ಷ ಹಾರ್ಡಿಂಗ್ ಅವರು ಆರ್ಲಿಂಗ್ಟನ್ನಿನಲ್ಲಿ ಆಡಿದ ಮಾತನ್ನು ದೂರವಾಣಿ ತಂತಿಯ ಮೂಲಕ ನ್ಯೂಯಾರ್ಕ್ ಮತ್ತು ಸಾನ್ ಫ್ರಾನ್ಸಿಸ್ಕೊಗಳಲ್ಲಿ ನೆರೆದ ಜನರೂ ಅದೇ ಹೊತ್ತಿಗೆ ಕೇಳಿದರು.

ಭಾರತಕ್ಕೂ ಈ ಯಂತ್ರ ಬಂತು. ಗಾಂಧೀಜಿಯವರದು ಮೆಲುದನಿ, ಅವರನ್ನು ಕೇಳಲು ಬರುತ್ತಿದ್ದವರು ಲಕ್ಷಾಂತರ ಜನ. 1930ರ ದಶಕದಿಂದ ಕಾಂಗ್ರೆಸ್ ಅಧಿವೇಶನಗಳಿಗೆ ಮುಂಬಯಿಯ ಮೋಟ್ವಾನೆ ಕುಟುಂಬದ ಸಂಸ್ಥೆ ಧ್ವನಿವರ್ಧಕಗಳನ್ನು ಒದಗಿಸಿತು. ಹಳೆಯ ಛಾಯಾಚಿತ್ರಗಳಲ್ಲಿ ಗಾಂಧೀಜಿ, ನೆಹರೂ ಅವರ ಮುಂದಿನ ಮೈಕಿನ ಮೇಲೆ ಚಿಕಾಗೊ ರೇಡಿಯೊ ಎಂಬ ಹೆಸರನ್ನು ತಾವು ಕಂಡಿರಬಹುದು. ಹೆಸರಿಗೆ ಚಿಕಾಗೊ, ಸಂಸ್ಥೆ ನಮ್ಮದೇ. ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಮೈಕಿನ ತಂತಿ ಎಳೆದು, ಕೊಂಬು ಕಟ್ಟಿದ ಕೆಲಸಗಾರರಿಗೂ ಒಂದು ಸಾಲು ಸಲ್ಲಬೇಕು.

ಮೈಕು ಬಂದ ಮೇಲೆ ಸಮಸ್ಯೆ ಮುಗಿಯಿತೇ? ಇಲ್ಲ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಜಾತ್ರೆಯ ಮೈದಾನದಲ್ಲಿ ಹತ್ತಿರದ ಕೊಂಬಿನಿಂದ ಬಂದ ಮಾತು, ಅದಕ್ಕಿಂತ ನೂರು ಮೀಟರ್ ದೂರದ ಕೊಂಬಿನಿಂದ ಸೆಕೆಂಡಿನ ಮೂರನೆಯ ಒಂದು ಭಾಗ ತಡವಾಗಿ ಮತ್ತೊಮ್ಮೆ ಬಂದು ಬಡಿಯುತ್ತದೆ. ಅನುರಣನವಿರುವ ಸಭಾಂಗಣದಲ್ಲಿ ಮೈಕಿನ ಗುಂಡಿ ತಿರುಗಿಸಿದರೆ ಮಾತಿನ ಜೊತೆ ಗೊಂದಲವೂ ಅಷ್ಟೇ ದೊಡ್ಡದಾಗುತ್ತದೆ. ಜೋರು ಮಾಡಿದ ಅಸ್ಪಷ್ಟತೆ ಸ್ಪಷ್ಟತೆಯಾಗುವುದಿಲ್ಲ.

ಹಾಗಾದರೆ ಸ್ಪಷ್ಟತೆ ಇರುವುದಾದರೂ ಎಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ದೂರವಾಣಿ ಕಂಪನಿಯವರು. ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ಸಂಗಡಿಗರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಓದಿ, ತಂತಿಯ ಇನ್ನೊಂದು ತುದಿಯಲ್ಲಿ ಕುಳಿತವರು ಅವನ್ನು ಬರೆದುಕೊಂಡದ್ದರಲ್ಲಿ ಎಷ್ಟು ಸರಿಯೆಂದು ಎಣಿಸಿದರು. 1929ರಲ್ಲಿ ಫ್ಲೆಚರ್ ಅವರ ಗ್ರಂಥ ಹೊರಬಂತು. ಮಾತಿನ ಕಸುವು ಬಹುಪಾಲು ಕೆಳಗಿನ ಕಂಪನಗಳಲ್ಲಿದೆ; ಅಂದರೆ ಸ್ವರಗಳಲ್ಲಿ. ಮಾತಿನ ಅರ್ಥವನ್ನು ಬೇರ್ಪಡಿಸಿ ತೋರಿಸುವ ಶಕ್ತಿ ಬಹುಪಾಲು ಮೇಲಿನ ಕಂಪನಗಳಲ್ಲಿದೆ. ಅಂದರೆ ಕ್ಷೀಣವಾದ, ಕ್ಷಣಿಕವಾದ ವ್ಯಂಜನಗಳಲ್ಲಿ.

ಕನ್ನಡದಲ್ಲಿಯೇ ಹೇಳುವುದಾದರೆ ಕಾಲು, ಹಾಲು, ಪಾಲು, ಸಾಲು ಎಂಬ ಪದಗಳನ್ನು ದೊಡ್ಡ ಸಭೆಯ ಹಿಂಬದಿಯಲ್ಲಿ ಕುಳಿತು ಕೇಳಿ. "ಆಲು" ಮಾತ್ರ ನಿಮಗೆ ಖಂಡಿತ ತಲುಪುತ್ತದೆ. ಕಾಲೋ ಹಾಲೋ ಎಂಬುದನ್ನು ನಿರ್ಧರಿಸುವ ಪುಟ್ಟ ವ್ಯಂಜನ ದಾರಿಯಲ್ಲಿ ಕಳೆದುಹೋಗಿರುತ್ತದೆ. ನಾವು ಕಿರುಚಿದಾಗ ಸ್ವರ ಬೆಳೆಯುವಷ್ಟು ವ್ಯಂಜನ ಬೆಳೆಯುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಮೇಲಿನ ಕಂಪನಗಳನ್ನೇ. "ಕೇಳಿಸುತ್ತೆ ಕಣಪ್ಪ, ಏನು ಹೇಳ್ತೀಯೋ ತಿಳಿಯೋದಿಲ್ಲ, ಕಿರುಚಬೇಡ" ಎಂದು ಮನೆಯಲ್ಲಿ ಅಜ್ಜ ಹೇಳಿದರೆ ಅದು ಹಠವಲ್ಲ, ನಿಖರವಾದ ವೈದ್ಯಕೀಯ ವರದಿ.

ನಮ್ಮ ಪ್ರಾಚೀನರಿಗೆ ಈ ವಿಷಯ ತಿಳಿದಿತ್ತು. ವರ್ಣಮಾಲೆಯ ಕ, ಚ, ಟ, ತ, ಪ ವರ್ಗಗಳನ್ನು ಅವರು ಗಂಟಲಿನಿಂದ ತುಟಿಯವರೆಗಿನ ಉಚ್ಚಾರಣಸ್ಥಾನಗಳ ಕ್ರಮದಲ್ಲಿಯೇ ಜೋಡಿಸಿದರು. ಪಾಣಿನೀಯ ಶಿಕ್ಷೆಯೆಂಬ ಗ್ರಂಥವು ಅಧಮ ಪಾಠಕರ ಆರು ಲಕ್ಷಣಗಳನ್ನು ಪಟ್ಟಿಮಾಡುತ್ತದೆ: ರಾಗವೆಳೆದು ಹಾಡಿದಂತೆ ಓದುವವನು, ಅವಸರದವನು, ತಲೆಯಾಡಿಸುವವನು, ಬರೆದದ್ದನ್ನು ನೋಡಿಕೊಂಡೇ ಓದುವವನು, ಅರ್ಥ ತಿಳಿಯದವನು, ಕ್ಷೀಣಕಂಠದವನು. ಗಮನಿಸಿ, ಕಂಠದ ಕ್ಷೀಣತೆ ಆರರಲ್ಲಿ ಒಂದು ಮಾತ್ರ. ಉತ್ತಮ ಪಾಠಕನ ಗುಣಗಳಲ್ಲಿ ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಗಳ ವಿಂಗಡಣೆ, ಧೈರ್ಯ ಇವೆಲ್ಲ ಇವೆ. ಅಬ್ಬರದ ಪ್ರಸ್ತಾಪವೇ ಇಲ್ಲ. ಪರದೆಯ ಮೇಲಿನ ಸ್ಲೈಡುಗಳಿಗೆ ಮುಖ ಮಾಡಿ, ಸಭೆಗೆ ಬೆನ್ನು ತೋರಿಸಿ, ಅಕ್ಷರಶಃ ಓದಿ ಮುಗಿಸುವ ನಮ್ಮ ಇಂದಿನ ವೃತ್ತಿಬಾಂಧವರು ಆ ಪಟ್ಟಿಯಲ್ಲಿ ತಮ್ಮ ಸ್ಥಾನವನ್ನು ಸುಲಭವಾಗಿ ಗುರುತಿಸಿಕೊಳ್ಳಬಹುದು.

ಇನ್ನು ನನ್ನ ಸ್ವಂತ ಸಂಗತಿ. 1990ರ ದಶಕದಲ್ಲಿ ಈ ದೇಶದ ಆಸ್ಪತ್ರೆಯೊಂದರಲ್ಲಿ ನಾನು ರೆಸಿಡೆನ್ಸಿ ಮಾಡುತ್ತಿದ್ದ ಎರಡನೆಯ ವರ್ಷ. ಬೆಳಗಿನ ರೌಂಡ್ಸ್, ಕೋಣೆಯೊಳಗೆ ಹತ್ತು ಹನ್ನೆರಡು ಜನ ಕಿರಿಯ ವೈದ್ಯರು, ವಿದ್ಯಾರ್ಥಿಗಳು, ದಾದಿಯರು, ಪಕ್ಕದಲ್ಲಿ ಯಂತ್ರಗಳ ಸದ್ದು. ಮಧುಮೇಹದ ರೋಗಿಯೊಬ್ಬರಿಗೆ ಹದಿನೈದು ಯೂನಿಟ್ ಇನ್ಸುಲಿನ್ ಕೊಡುವಂತೆ ನಾನು ಇಂಗ್ಲಿಷಿನಲ್ಲಿ ಹೇಳಿ ಮುಂದಿನ ಹಾಸಿಗೆಯತ್ತ ಹೊರಟೆ. ಬಾಗಿಲ ಬಳಿ ನಿಂತಿದ್ದ, ಅರವತ್ತರ ಆಸುಪಾಸಿನ ದಾದಿಯೊಬ್ಬರು ಕೈಯೆತ್ತಿ ನನ್ನನ್ನು ತಡೆದರು. "ಡಾಕ್ಟರ್, ಒಂದು ಐದೋ, ಐದು ಸೊನ್ನೆಯೋ?" ಎಂದರು.

ನನ್ನ ಫಿಫ್ಟೀನ್ ಅವರ ಕಿವಿಗೆ ಫಿಫ್ಟಿಯಾಗಿ ತಲುಪಿತ್ತು. ಇಂಗ್ಲಿಷರು ಈ ಎರಡು ಪದಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಒತ್ತಿನಿಂದ. ಮೊದಲನೆಯದರಲ್ಲಿ ಒತ್ತು ಕೊನೆಯ ಭಾಗಕ್ಕೆ, ಎರಡನೆಯದರಲ್ಲಿ ಆರಂಭಕ್ಕೆ. ಕನ್ನಡದ ನಾಲಿಗೆ ಎಲ್ಲ ಅಕ್ಷರಗಳನ್ನೂ ಸಮನಾಗಿ ನಡೆಸಿಕೊಳ್ಳುತ್ತದೆ. ಕೊನೆಯ ಪುಟ್ಟ ನಕಾರ ಗದ್ದಲದಲ್ಲಿ ಮುಳುಗಿತ್ತು. ಹದಿನೈದು, ಐವತ್ತು ಎಂದು ಕನ್ನಡದಲ್ಲಿ ಹೇಳಿದ್ದರೆ ಗೊಂದಲಕ್ಕೆ ಆಸ್ಪದವೇ ಇರುತ್ತಿರಲಿಲ್ಲ! ಐವತ್ತು ಯೂನಿಟ್ ಇನ್ಸುಲಿನ್ ಆ ರೋಗಿಯ ರಕ್ತದ ಸಕ್ಕರೆಯನ್ನು ಎಲ್ಲಿಗೆ ಇಳಿಸುತ್ತಿತ್ತೆಂದು ಇಲ್ಲಿರುವ ವೈದ್ಯರಿಗೆ ನಾನು ವಿವರಿಸಬೇಕಿಲ್ಲ.

ಆ ಕ್ಷಣದಲ್ಲಿ ನನಗೆ ಬಂದದ್ದು ಕೃತಜ್ಞತೆಯಲ್ಲ, ಸಿಡುಕು. ಎಲ್ಲರೆದುರು ನನ್ನ ಉಚ್ಚಾರಣೆಯನ್ನು ಎತ್ತಿ ತೋರಿಸಿದರಲ್ಲ ಎಂಬ ಅವಮಾನ. "ಒಂದು ಐದು" ಎಂದು ಒರಟಾಗಿ ಹೇಳಿ ನಡೆದೆ. ರಾತ್ರಿ ಮನೆಗೆ ಹೋಗಿ ಮಲಗಿದಾಗ ಕೈಕಾಲು ನಡುಗಿತು. ಮರುದಿನ ಅವರನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು, ತಾವು ಎಲ್ಲ ವೈದ್ಯರನ್ನೂ ಹಾಗೆಯೇ ಕೇಳುವುದಾಗಿ ಹೇಳಿದರು. ಆಗ ನನಗೆ ಮೈಸೂರಿನ ಪ್ರಾಧ್ಯಾಪಕರ ನೋಟ್‌ಬುಕ್ ನೆನಪಾಯಿತು. ಅವರು ವಿದ್ಯಾರ್ಥಿಯನ್ನು ಪರೀಕ್ಷಿಸುತ್ತಿರಲಿಲ್ಲ. ತಮ್ಮ ಮಾತು ಕೊನೆಯ ಬೆಂಚಿಗೆ ಯಾವ ರೂಪದಲ್ಲಿ ತಲುಪಿತೆಂದು ತಮ್ಮನ್ನೇ ಪರೀಕ್ಷಿಸಿಕೊಳ್ಳುತ್ತಿದ್ದರು. ಫ್ರಾಂಕ್ಲಿನ್ ಬೀದಿಯಲ್ಲಿ, ಸೇಬಿನ್ ನಡುರಾತ್ರಿಯ ಕೋಣೆಯಲ್ಲಿ, ಫ್ಲೆಚರ್ ತಂತಿಯ ತುದಿಯಲ್ಲಿ ಮಾಡಿದ್ದೂ ಇದನ್ನೇ.

ವೈದ್ಯಲೋಕ ಇಂದು ಈ ಪಾಠವನ್ನು ಪದ್ಧತಿಯಾಗಿ ಮಾಡಿಕೊಂಡಿದೆ. ಹೇಳಿದ ಆದೇಶವನ್ನು ಕೇಳಿದವರು ಹಿಂತಿರುಗಿ ಓದಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯ ಪ್ರಕಾರ, ಚರ್ಮಕ್ಕೆ ಚಾಕು ತಾಗಿಸುವ ಮುನ್ನ ಎಲ್ಲರೂ ಒಂದು ಕ್ಷಣ ಕೈಗೆಲಸ ನಿಲ್ಲಿಸಿ, ತಮ್ಮ ಹೆಸರು ಮತ್ತು ಹೊಣೆಯನ್ನು ಗಟ್ಟಿಯಾಗಿ ಹೇಳಿ, ರೋಗಿ ಯಾರು, ಶಸ್ತ್ರಚಿಕಿತ್ಸೆ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಹೊಸದಿಲ್ಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಪಟ್ಟಿಯನ್ನು ಜಾರಿಗೆ ತಂದ ಮೇಲೆ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು. ಆ ಪಟ್ಟಿಯಲ್ಲಿ ಬೇರೆ ಅಂಶಗಳೂ ಇವೆ. ಆದರೂ ನಮ್ಮ ತಳವಾರನ ತಮಟೆ ಮತ್ತು ಬಿಡುವು ಆಧುನಿಕ ಶಸ್ತ್ರಚಿಕಿತ್ಸಾ ಕೊಠಡಿಗೆ ಬಂದಂತೆ ನನಗೆ ತೋರುತ್ತದೆ.

ಮಾತನ್ನು ಕಣ್ಣೂ ಕೇಳುತ್ತದೆಂಬುದನ್ನು 2020ರ ಮಹಾಮಾರಿ ನಮಗೆ ನೆನಪಿಸಿತು. ಗದ್ದಲದಲ್ಲಿ ಮಾತನಾಡುವವನ ಮುಖ ಕಾಣಿಸಿದರೆ ಹೆಚ್ಚು ಪದಗಳು ತಿಳಿಯುತ್ತವೆಂದು ಸಂಬಿ ಮತ್ತು ಪೊಲ್ಲಾಕ್ ಎಂಬ ಸಂಶೋಧಕರು 1954ರಲ್ಲಿಯೇ ತೋರಿಸಿದ್ದರು. ಮುಸುಕು ತುಟಿಯನ್ನೂ ಮರೆಮಾಡಿತು, ವ್ಯಂಜನಗಳಿರುವ ಮೇಲಿನ ಕಂಪನಗಳನ್ನೂ ಹೀರಿತು. ಕಿವಿ ಮಂದವಾದ ವೃದ್ಧ ರೋಗಿಗಳು ಆಗ ಸುಮ್ಮನೆ ತಲೆಯಾಡಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ತಲೆಯಾಟವನ್ನು ಒಪ್ಪಿಗೆಯೆಂದು ತಿಳಿಯಬಾರದೆಂದು ಕಲಿತಿದ್ದೇನೆ.

ಬಂಧುಗಳೇ, ಈ ಇತಿಹಾಸದಿಂದ ನಾನು ಅಳವಡಿಸಿಕೊಂಡ ಕೆಲವು ಅಭ್ಯಾಸಗಳನ್ನು ಹೇಳಿ ಮುಗಿಸುತ್ತೇನೆ. ಸಭೆಗೆ ಮೊದಲೇ ಹೋಗಿ ಕೊನೆಯ ಸಾಲಿನಲ್ಲಿ ಒಂದು ನಿಮಿಷ ಕುಳಿತುಕೊಳ್ಳುತ್ತೇನೆ. ಗದ್ದಲ ಅಡಗುವವರೆಗೆ ಬಾಯಿ ತೆರೆಯುವುದಿಲ್ಲ. ಮುಖ ಕಾಣುವಂತೆ ನಿಲ್ಲುತ್ತೇನೆ. ಹಲಗೆಯ ಮೇಲೆ ಬರೆಯುವಾಗ ಮಾತನಾಡುವುದಿಲ್ಲ. ದನಿ ಏರಿಸುವ ಬದಲು ವೇಗ ತಗ್ಗಿಸುತ್ತೇನೆ. ಪದಗಳ ಕೊನೆಯನ್ನು ನುಂಗುವುದಿಲ್ಲ. ಸಂಖ್ಯೆಗಳನ್ನು ಎರಡು ಬಗೆಯಾಗಿ ಹೇಳುತ್ತೇನೆ. "ಕೇಳಿಸುತ್ತಿದೆಯೇ?" ಎಂದು ಕೇಳುವ ಬದಲು "ನಾನು ಏನು ಹೇಳಿದೆ?" ಎಂದು ಕೇಳುತ್ತೇನೆ.

ನಮ್ಮ ಕೂಟದ ಕಾರ್ಯಕ್ರಮಗಳಲ್ಲಿ ಊರಿನಿಂದ ಬಂದ ತಂದೆತಾಯಿಗಳು ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕುಳಿತಿರುತ್ತಾರೆ. ಅವರ ಕಿವಿ ಮಂದ, ನಮ್ಮ ಧ್ವನಿವರ್ಧಕಗಳು ಜೋರು. ಮಕ್ಕಳು ಕಷ್ಟಪಟ್ಟು ಕಲಿತ ಕನ್ನಡದ ಪದ್ಯ ಅವರಿಗೆ ಬರಿಯ ಗದ್ದಲವಾಗಿ ತಲುಪಬಾರದು. ಮುಂದಿನ ಕಾರ್ಯಕ್ರಮದಲ್ಲಿ ಮೊದಲ ಎರಡು ಸಾಲುಗಳನ್ನು ಅವರಿಗಾಗಿ ಕಾದಿರಿಸಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ನನ್ನ ವಿನಂತಿ. ಹಿಂದಿನ ಸಾಲಿಗೆ ನಾವು ಹೋಗೋಣ. ಅಲ್ಲಿ ಕುಳಿತರೆ ಕಲಿಯುವುದು ಬಹಳವಿದೆ.